ಎಣ್ಣೆಗೆ ಕಂಜೂಸಿ ಬೇಡ

ಮೊದಲ ಸಲ ಮುಸಖ್ಖನ್ ಮಾಡಿದಾಗ ಡಯಟ್ ನೆಪದಲ್ಲಿ ಎರಡೇ ಚಮಚ ಎಣ್ಣೆ ಹಾಕಿದ್ದೆ. ಈರುಳ್ಳಿ ತಳ ಹಿಡೀತು, ರೊಟ್ಟಿ ಒಣಕಲಾಯ್ತು. ಆಮೇಲೆ ಗೊತ್ತಾಯ್ತು, ಪ್ಯಾಲೆಸ್ತೀನಿನ ಈ ಅಡುಗೆಯಲ್ಲಿ ಕೋಳಿಗಿಂತ ಆಲಿವ್ ಎಣ್ಣೆಯೇ ಮುಖ್ಯ ಅಂತ.

ಅಲ್ಲಿ ಅಕ್ಟೋಬರ್, ನವೆಂಬರ್ ಅಂದ್ರೆ ಆಲಿವ್ ಕೊಯ್ಲಿನ ಕಾಲ. ಗಾಣದಿಂದ ಹೊಸ ಎಣ್ಣೆ ಮನೆಗೆ ಬಂದಾಗ ಅದರ ರುಚಿ ನೋಡೋಕೆ ಮುಸಖ್ಖನ್ ಮಾಡ್ತಾರೆ. ರಾಶಿ ಈರುಳ್ಳಿಯನ್ನು ಧಾರಾಳ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಮೆತ್ತಗಾಗಿಸಿ, ಹುಳಿಯಾದ ಕೆಂಪು ಸುಮಾಕ್ ಪುಡಿ ಬೆರೆಸ್ತಾರೆ. ತಾಬೂನ್ ಒಲೆಯಲ್ಲಿ ಸುಟ್ಟ ರೊಟ್ಟಿ ಮೇಲೆ ಅದನ್ನು ಹರಡಿ, ಬೆಂದ ಕೋಳಿ ಇಟ್ಟು ಮತ್ತೆ ಕಾಯಿಸ್ತಾರೆ. ಹೆಸರಿನ ಅರ್ಥವೇ ‘ಬಿಸಿ ಮಾಡಿದ್ದು’. ತಿನ್ನೋದು ಕೈಯಲ್ಲೇ, ರೊಟ್ಟಿ ಮುರಿದುಕೊಂಡು.

ಆದರೆ ಪಶ್ಚಿಮ ದಂಡೆಯ ಎಷ್ಟೋ ರೈತರ ಆಲಿವ್ ಮರಗಳು ಇಸ್ರೇಲ್ ಕಟ್ಟಿದ ತಡೆಗೋಡೆಯ ಆಚೆಗಿವೆ. ತಮ್ಮದೇ ತೋಟಕ್ಕೆ ಹೋಗೋಕೂ ಪರವಾನಗಿ ಬೇಕು. ಅದು ಸಿಗದಿದ್ದರೆ ಕಾಯಿ ಮರದಲ್ಲೇ ಉಳಿಯುತ್ತೆ. ಕೋಳಿ, ಈರುಳ್ಳಿ ಅಂಗಡಿಯಿಂದ ತರಬಹುದು. ತಾತ ನೆಟ್ಟ ಮರದ ಎಣ್ಣೆಯನ್ನು ಯಾವ ಅಂಗಡಿಯಿಂದ ತರೋದು?

ಈ ಭಾನುವಾರ ನೀವೂ ಮಾಡಿ ನೋಡಿ. ಚಮಚ ಎಣಿಸಬೇಡಿ, ರೊಟ್ಟಿಯ ತಳದವರೆಗೂ ಎಣ್ಣೆ ಇಳಿಯಲಿ.