ಯಾರ ಮನೆಮಂದಿ, ಯಾರ ನಗು?

ನಮ್ಮ ಹೊಳಲಿನ ಹುಡುಗರು ಗೋಡೆಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆದು ತಂದಿದ್ದಾರೆ. ಐದು ಸಿನಿಮಾ: 'ಹೆಂಡ್ತಿಗೆ ಹೇಳ್ಬೇಡಿ' (1989), 'ಗಣೇಶನ ಮದುವೆ' (1990), 'ಉದ್ಭವ' (1990), 'ಗೌರಿ ಗಣೇಶ' (1991), 'ಗಣೇಶ ಸುಬ್ರಹ್ಮಣ್ಯ' (1992). ಐದಕ್ಕೂ ಒಬ್ಬರೇ ನಾಯಕ, ಅನಂತನಾಗ್. ಐದಕ್ಕೂ ಒಂದೇ ವಿಮರ್ಶೆ. "ಸಖತ್ ಮಜಾ. ಮನೆಮಂದಿಯೆಲ್ಲ ಕೂತು ನೋಡಬಹುದು. ಯಾರ ಮನಸ್ಸಿಗೂ ನೋವಾಗದ ಶುದ್ಧ ಹಾಸ್ಯ." ಸಿನಿಮಾದ ಹೆಸರು ಅಳಿಸಿ ಒಂದರ ಜಾಗಕ್ಕೆ ಇನ್ನೊಂದನ್ನು ಅಂಟಿಸಿದರೂ ಯಾರಿಗೂ ಗೊತ್ತಾಗದು.

ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಈ ಮಾತು ಅವರದಲ್ಲ. ಪೇಟೆಯ ವಿಮರ್ಶಕರು ಮೂವತ್ತು ಮೂವತ್ತೈದು ವರ್ಷದಿಂದ ಅಗಿದು ಅಗಿದು ಉಗುಳಿದ ಮಾತು. 2025ರಲ್ಲಿ ಅನಂತನಾಗ್ ಅವರಿಗೆ ಪದ್ಮಭೂಷಣ ಪ್ರಕಟವಾದಾಗಲೂ ನಮ್ಮ ಕಿವಿಗೆ ಬಿದ್ದದ್ದು ಅದೇ. ನಮ್ಮ ಕೇರಿಯ ಮಕ್ಕಳು ಆ ಎಂಜಲನ್ನು ಆಯ್ದು ತಮ್ಮ ಕೈಬರಹದಲ್ಲಿ ಬರೆದು ತಂದರಲ್ಲ, ನಮಗೆ ಸಂಕಟವಾದದ್ದು ಅದಕ್ಕೆ.

ಹಾಗಾದರೆ ನಾವು ನಗಲಿಲ್ಲವೆ? ನಕ್ಕಿದ್ದೇವೆ. ಮಂಡ್ಯದ ಟಾಕೀಸಿನಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕವರು ನಾವೇ. ಈಗ ಮೊಬೈಲಿನಲ್ಲಿ ನೋಡಿದರೂ ನಗು ಬರುತ್ತದೆ. ಮುಖದ ಒಂದು ನರ ಅಲುಗಿಸಿ ನಗಿಸಬಲ್ಲ ಕಲಾವಿದ ಅವರು. ಅಭಿನಯದ ಮೇಲೆ ನಮ್ಮ ತಕರಾರಿಲ್ಲ. ತಕರಾರು ಇರುವುದು ವಿಮರ್ಶೆ ಎಂಬ ಹೆಸರಿನ ಈ ಸೋಮಾರಿತನದ ಮೇಲೆ. 'ಮನೆಮಂದಿ' ಅಂದರೆ ಯಾರು? 'ಯಾರ ಮನಸ್ಸಿಗೂ' ಅಂದಾಗ ಆ 'ಯಾರು' ಲೆಕ್ಕದಲ್ಲಿ ನಾವಿದ್ದೇವೆಯೆ?

'ಗಣೇಶನ ಮದುವೆ'ಯನ್ನೇ ತಗೊಳ್ಳಿ. ಫಣಿ ರಾಮಚಂದ್ರರ ನಿರ್ದೇಶನ. ಒಂದು ವಠಾರ. ಅದರಲ್ಲಿ ಗಣೇಶ, ಪಕ್ಕದಲ್ಲೇ ಆದಿಲಕ್ಷ್ಮಿ. ಎದುರಾಬದುರಾದರೆ ಹಾವು ಮುಂಗುಸಿ. ಅವನು ಶ್ರುತಿ ಎಂಬ ಕಾಣದ ಹಾಡುಗಾರ್ತಿಗೆ ಮನಸೋತು ಕಾಗದ ಬರೆಯುತ್ತಾನೆ. ಆ ಶ್ರುತಿಯೇ ಈ ಆದಿಲಕ್ಷ್ಮಿ. ಹೆಸರು ಮರೆಯಾದದ್ದೇ ಕಥೆ, ಹೆಸರು ಬಯಲಾದದ್ದೇ ಮದುವೆ. ಚೆಂದದ ಕಥೆ.

ಆದರೆ ಈ ವಠಾರದೊಳಕ್ಕೆ ಬಾಡಿಗೆಗೆ ಬಂದವರನ್ನು ಮೊದಲ ದಿನ ಬಾಗಿಲಲ್ಲಿ ಏನು ಕೇಳಿದರು? ಸಿನಿಮಾ ಅದನ್ನು ತೋರಿಸುವುದಿಲ್ಲ. ತೋರಿಸುವ ಅಗತ್ಯವೂ ಅದಕ್ಕಿಲ್ಲ, ಒಳಗಿರುವವರು ಆ ಪ್ರಶ್ನೆ ದಾಟಿಯೇ ಬಂದವರು. ಅದನ್ನು ದಾಟಲಾರದವರು ನಾವು. ನಮ್ಮ ಹುಡುಗರು ಡಿಗ್ರಿ ಮುಗಿಸಿ, ಕೆಲಸ ಸಿಕ್ಕಿ, ಬೆಂಗಳೂರಲ್ಲೋ ಮೈಸೂರಲ್ಲೋ 'ಮನೆ ಬಾಡಿಗೆಗಿದೆ' ಬೋರ್ಡು ನೋಡಿ ಗೇಟು ತಟ್ಟುತ್ತಾರೆ.

"ಯಾವೂರಪ್ಪ?"

"ಮಂಡ್ಯ ಹತ್ರ ಹೊಳಲು, ಸಾರ್."

"ಓ, ಗೌಡ್ರಾ?"

ಹುಡುಗ ಒಂದು ಗಳಿಗೆ ಸುಮ್ಮನಾಗುತ್ತಾನೆ. ಆ ಒಂದು ಗಳಿಗೆಯಲ್ಲಿ ಮನೆ ಕೈ ಬಿಟ್ಟು ಹೋಗಿರುತ್ತದೆ. "ನಮ್ಮ ನೆಂಟರೊಬ್ರು ಕೇಳವ್ರೆ, ನಾಳೆ ಹೇಳ್ತೀನಿ ಬನ್ನಿ." ಆ ನಾಳೆ ಎಂದೂ ಬರುವುದಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಆ ವಿಧಿಯೂ ನಮ್ಮ ಹುಡುಗನ ಜೊತೆ ಗೇಟಿನಾಚೆಯೇ ನಿಂತಿರುತ್ತದೆ.

ಕೆಲವರು "ಹೂಂ ಸಾರ್, ಗೌಡ್ರೇ" ಅಂದುಬಿಡುತ್ತಾರೆ. ಆಮೇಲೆ ಶುರುವಾಗುವುದೂ ಒಂದು ನಾಟಕವೇ. ಬಾಬಾಸಾಹೇಬರ ಫೋಟೊ ಟ್ರಂಕಿನ ತಳ ಸೇರುತ್ತದೆ. ಊರಿಂದ ಅವ್ವ ಬರುತ್ತೀನಿ ಅಂದರೆ ಮಗನಿಗೆ ಎದೆ ಹೊಡೆದುಕೊಳ್ಳುತ್ತದೆ. "ಅವ್ವಾ, ಮನೆಯೋರಮ್ಮ ಏನಾರ ಕೇಳುದ್ರೆ ಕೇರಿ ಗೀರಿ ಅನ್ಬ್ಯಾಡ ಕಣವ್ವ" ಎಂದು ಹೆತ್ತ ತಾಯಿಗೆ ಪಾಠ ಹೇಳಬೇಕು. ಹೆಸರು ಮರೆಸುವುದು, ಸುಳ್ಳು ಹೇಳುವುದು, ಸಿಕ್ಕಿಬೀಳುವ ಭಯ: ಈ ಹಾಸ್ಯಚಿತ್ರಗಳ ಸಾಮಾನೆಲ್ಲ ಇಲ್ಲೂ ಇದೆ. ನಗು ಮಾತ್ರ ಇಲ್ಲ. ಅವರ ಸುಳ್ಳು ಬಯಲಾದರೆ ಮದುವೆ, ನಮ್ಮ ಸುಳ್ಳು ಬಯಲಾದರೆ ಸಾಮಾನು ಬೀದಿಗೆ.

ಇದು ಇವತ್ತಿನ ಕಥೆಯೂ ಅಲ್ಲ. 1917ರಲ್ಲಿ ವಿದೇಶದ ದೊಡ್ಡ ಓದು ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದ ಅಂಬೇಡ್ಕರ್ ಅವರಿಗೆ ಆ ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ತಂಗುಮನೆಯಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಜನ ಮೆಟ್ಟಿಲು ಹತ್ತಿ ಬಂದರು. ಅವತ್ತೇ ಜಾಗ ಖಾಲಿ ಮಾಡಬೇಕಾಯಿತು. ಬಾಬಾಸಾಹೇಬರು ತಾವೇ ಬರೆದಿಟ್ಟ ಸಂಗತಿ ಇದು. ಸುಳ್ಳು ಹೆಸರಿನ ಹಾಸ್ಯ ನೋಡುವಾಗ ಆ ಮೆಟ್ಟಿಲ ಸದ್ದು ನಮಗೆ ಕೇಳಿಸುತ್ತದೆ. ಪೇಟೆಯ ವಿಮರ್ಶಕನಿಗೆ ಕೇಳಿಸುವುದಿಲ್ಲ. ಕೇಳಿಸಲೇಬೇಕು ಎಂದು ನಾವೂ ಹಟ ಹಿಡಿದಿಲ್ಲ. ಆದರೆ ತನಗೆ ಕೇಳಿಸದ್ದು ಯಾರಿಗೂ ಕೇಳಿಸಲಿಲ್ಲ ಎಂದು ಸರ್ಟಿಫಿಕೇಟು ಕೊಡಲು ಅವನಾರು?

ಇನ್ನು ಆ 'ಶುದ್ಧ' ಎಂಬ ಪದ. ಶುದ್ಧ ಹಾಸ್ಯ, ಶುದ್ಧ ಕನ್ನಡ, ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ ಮನೆ. ಮೂರಕ್ಕೂ ಒಂದೇ ಶುದ್ಧ. ನಮ್ಮ ಮಂಡ್ಯದ ಮಾತು ತೆರೆಯ ಮೇಲೆ ಬಂದರೆ ಅದು 'ಗ್ರಾಮ್ಯ', 'ಒರಟು'. ವಠಾರದ ಮಾತು ಬಂದರೆ ಅದು 'ಸದಭಿರುಚಿ'. ನಮ್ಮ ಮಾತಿಗೆ ನಗುವವರು ಬಹಳ, ನಮ್ಮ ಮಾತಲ್ಲಿ ನಗುವ ಹಕ್ಕು ಮಾತ್ರ ನಮಗಿಲ್ಲ. ಮೇಷ್ಟ್ರುಗಳೇ, ತರಗತಿಯಲ್ಲಿ 'ಓಗ್ತೀನಿ' ಅಂದ ಮಗುವನ್ನು ನೋಡಿ ನೀವು ನಗುವಾಗಲೂ ಇದನ್ನು ನೆನೆಸಿಕೊಳ್ಳಿ.

ಹಾಗಂತ ಈ ಐದೂ ಸಿನಿಮಾ ಒಂದೇ ಅಲ್ಲ. ಸೋಮಾರಿ ವಿಮರ್ಶೆಯ ದೊಡ್ಡ ಅನ್ಯಾಯ ಇರುವುದು ಇಲ್ಲೇ. 'ಉದ್ಭವ' ಬಿ.ವಿ. ವೈಕುಂಠರಾಜು ಅವರ ಕೃತಿಯಿಂದ ಬಂದ ಚಿತ್ರ, ನಿರ್ದೇಶನ ಕೋಡ್ಲು ರಾಮಕೃಷ್ಣ ಅವರದು. ಒಂದು ಕಡೆ ರಸ್ತೆ ಅಗಲ ಮಾಡುವ ಯೋಜನೆ, ಇನ್ನೊಂದು ಕಡೆ ನೆಲದೊಳಗಿಂದ 'ಎದ್ದು ಬಂದ' ಗಣಪತಿ, ನಡುವೆ ಆ ಗಣಪತಿಯನ್ನು ಎಬ್ಬಿಸಿದ ಚಾಲಾಕಿ. ದೇವರು, ದುಡ್ಡು, ರಾಜಕಾರಣ ಮೂರೂ ಒಂದೇ ಗುಂಡಿಯಲ್ಲಿ ಕೈ ತೊಳೆಯುವುದನ್ನು ತೋರಿಸಿದ ಚಿತ್ರ ಅದು. ನಮ್ಮ ಕಡೆ ಗೋಮಾಳದಲ್ಲಿ ರಾತ್ರೋರಾತ್ರಿ ಒಂದು ಕಲ್ಲು ಎದ್ದು, ಬೆಳಗಾಗುವುದರೊಳಗೆ ಅರಿಶಿನ ಕುಂಕುಮ ಬಿದ್ದು, ಆಮೇಲೆ ಗುಡಿಯಾಗಿ, ಕೊನೆಗೆ ಅದೇ ಗುಡಿಗೆ ನಮಗೇ ಪ್ರವೇಶವಿಲ್ಲ ಎಂದಾಗುವುದನ್ನು ಕಂಡವರಿಗೆ ಇದು ಬರೀ ಮಜಾ ಹೇಗಾದೀತು? ಪುರೋಹಿತಶಾಹಿಯ ಬುಡಕ್ಕೆ ಬಿದ್ದ ನಗುವನ್ನು ವಠಾರದ ಕೀಟಲೆಯ ಜೊತೆ ಒಂದೇ ತಕ್ಕಡಿಗೆ ಹಾಕಿದರೆ, ಆ ನಗುವಿನ ಹಲ್ಲು ಕಿತ್ತಂತೆ.

'ಗೌರಿ ಗಣೇಶ'ದಲ್ಲಿ ಲಂಬೋದರ ಎಂಬವನು ಸತ್ತುಹೋದ ಗೌರಿಯ ಹೆಸರು ಹಿಡಿದು, ಒಬ್ಬ ಹುಡುಗನನ್ನು ತೋರಿಸಿ, ಮೂವರು ಸ್ಥಿತಿವಂತರಿಗೆ ಬೇರೆ ಬೇರೆಯಾಗಿ 'ಇವನು ನಿನ್ನ ಮಗ' ಎಂದು ನಂಬಿಸುತ್ತಾನೆ. ಉಳ್ಳವರು ಬೆವರುವುದು ನೋಡಿ ನಮಗೂ ಖುಷಿಯೇ. ಆದರೆ ಗೌರಿ? ಅವಳ ಮಾನ ಮೂರು ಮನೆಯ ಬಾಗಿಲಲ್ಲಿ ಹರಾಜಾಗುವಾಗ ಅವಳ ಪರ ಮಾತಾಡುವವರು ಯಾರು? ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ನಮ್ಮ ಹುಡುಗರು ಬರೆದದ್ದು ವಿಮರ್ಶೆ ಆಗುತ್ತಿತ್ತು.

ಇದನ್ನೆಲ್ಲ ಹೇಳಿದಾಗ ಒಬ್ಬ ಹುಡುಗ ಕೇಳಿದ: "ಅಂಗಾರೆ ನಗೋದೇ ತೆಪ್ಪಾ ಅಣ್ಣಾ?"

ತಪ್ಪಲ್ಲ ಕಣಪ್ಪ. ಗೇಯ್ದು ಸುಸ್ತಾದ ಜನಕ್ಕೆ ನಗು ಬೇಕು. ನಗುವುದನ್ನು ನಿಲ್ಲಿಸಿ ಎಂದು ಯಾವ ಹೋರಾಟವೂ ಹೇಳಬಾರದು. ನಕ್ಕ ಮೇಲೆ ಯಾಕೆ ನಕ್ಕೆ, ಯಾರ ಜೊತೆ ನಕ್ಕೆ, ನಗುವಾಗ ಬಾಗಿಲಾಚೆ ಯಾರು ನಿಂತಿದ್ದರು ಎಂದು ಕೇಳಿಕೊ ಅನ್ನುವುದಷ್ಟೇ ನಮ್ಮ ಮಾತು. ಬರೆಯುವವನಿಗೆ ಅಷ್ಟು ಹೊಣೆ ಇದೆ.

ಮತ್ತೆ, ಇದೇ ಅನಂತನಾಗ್ ಅವರ 'ಅಂಕುರ್' ನೋಡಿ. 1974, ಶ್ಯಾಮ್ ಬೆನಗಲ್ ನಿರ್ದೇಶನ. ಅದರಲ್ಲಿ ಅವರು ಜಮೀನ್ದಾರನ ಮಗ ಸೂರ್ಯ. ನಾನು ಜಾತಿಗೀತಿ ನಂಬುವವನಲ್ಲ ಎಂದು ಕೂಲಿಯ ಹೆಣ್ಣು ಲಕ್ಷ್ಮಿ ಮಾಡಿಕೊಟ್ಟ ಚಹಾ ಕುಡಿಯುತ್ತಾನೆ. ಅವಳು ಬಸುರಾದಾಗ ಕೈ ಬಿಡುತ್ತಾನೆ. ಅವಳ ಮೂಗ ಗಂಡ ಕೆಲಸ ಕೇಳಲು ಬಂದರೆ ಹೆದರಿ ಚಾವಟಿಯಿಂದ ಬಾರಿಸುತ್ತಾನೆ. ಇದನ್ನೆಲ್ಲ ನೋಡಿದ ಒಬ್ಬ ಪುಟ್ಟ ಹುಡುಗ ಕೊನೆಯಲ್ಲಿ ಆ ಮನೆಯ ಕಿಟಕಿಗೆ ಒಂದು ಕಲ್ಲು ಬೀರಿ ಓಡುತ್ತಾನೆ. ನಗಿಸುವ ಅದೇ ಮುಖ, ಒಳಗೆ ಅಡಗಿದ ಹೇಡಿ ಒಡೆಯನನ್ನೂ ತೋರಿಸಬಲ್ಲದು. ಆ ಕಲಾವಿದನ ಅರ್ಧವನ್ನಷ್ಟೇ ಹೊಗಳುವುದು ಅವರಿಗೂ ಮಾಡಿದ ಅವಮಾನ.

ಹುಡುಗರ ಐದು ವಿಮರ್ಶೆಗಳನ್ನೂ ವಾಪಸು ಕೊಟ್ಟಿದ್ದೇವೆ. ಗೋಡೆಪತ್ರಿಕೆಯಲ್ಲಿ ಜಾಗ ಹಾಗೆಯೇ ಖಾಲಿ ಇದೆ. ಬಾಡಿಗೆ ಮನೆ ಹುಡುಕಿ ತಿರುಗಿದ ನಿಮ್ಮ ಅಣ್ಣಂದಿರನ್ನು, ಅಕ್ಕಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಗಣೇಶನ ಮದುವೆ' ಇನ್ನೊಂದು ಸಲ ನೋಡಿ ಬನ್ನಿ ಎಂದಿದ್ದೇವೆ. ಅವರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಅದನ್ನು ಬರೆದು ತನ್ನಿ. ನಿಮ್ಮ ಮಾತಲ್ಲೇ ಬರೀರಿ. ಮುಂದಿನ ವಾರ ಅಂಟಿಸೋಣ.