ಕಿರಣದ ಅನಂತ ಯಾವ ಕಡೆಗೆ?

ರೇಖಾಗಣಿತದ ಮೊದಲ ಪಾಠಗಳಲ್ಲಿ ವಿದ್ಯಾರ್ಥಿಗೆ ಮೂರು ಆಕೃತಿಗಳ ಪರಿಚಯವಾಗುತ್ತದೆ. ಎರಡು ಕೊನೆಗಳುಳ್ಳದ್ದು ರೇಖಾಖಂಡ. ಕೊನೆಯೇ ಇಲ್ಲದ್ದು ಸರಳರೇಖೆ. ಒಂದು ಬಿಂದುವಿನಲ್ಲಿ ಹುಟ್ಟಿ ಒಂದೇ ಕಡೆಗೆ ಕೊನೆಯಿಲ್ಲದೆ ಸಾಗುವುದು ಕಿರಣ. ಈ ಮೂರರಲ್ಲಿ ಕಿರಣಕ್ಕೆ ಸಲ್ಲುವ ಗಮನ ಬಹಳ ಕಡಿಮೆ. ಬಾಣದ ಗುರುತು ಹಾಕಿಸಿ ಲಕ್ಷಣವನ್ನು ಬಾಯಿಪಾಠ ಮಾಡಿಸಿದರೆ ಸಾಕೆಂಬ ಭಾವನೆಯಿದೆ. ಅದರ ಫಲ ಮುಂದಿನ ಪಾಠದಲ್ಲಿ ತೋರುತ್ತದೆ: ಭುಜಗಳನ್ನು ಉದ್ದವಾಗಿ ಎಳೆದ ಕೋನವೇ ದೊಡ್ಡದೆಂದು ಮಕ್ಕಳು ತಿಳಿಯುತ್ತಾರೆ. ಕೋನದ ಭುಜಗಳು ಕಿರಣಗಳು, ಅವುಗಳಿಗೆ ಅಳೆಯುವ ಉದ್ದವೇ ಇಲ್ಲ ಎಂಬುದು ಮನಸ್ಸಿಗೆ ಇಳಿದಿದ್ದರೆ ಈ ಭ್ರಾಂತಿಗೆ ಎಡೆಯಿರುತ್ತಿರಲಿಲ್ಲ.

ಹಿಂದೆ ಸಂಪಗಾಂವ ತಾಲ್ಲೂಕೆಂದು ಹೆಸರಾಗಿದ್ದ ಇಂದಿನ ಬೈಲಹೊಂಗಲ ಸೀಮೆಗೆ ಈ ವಿಚಾರ ಹೊರಗಿನದಲ್ಲ. ಇಲ್ಲಿಯ ಒಕ್ಕುಂದವು ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನೆಲೆಗಳಲ್ಲೊಂದಾಗಿ ಹೆಸರಿಸಲ್ಪಟ್ಟಿದೆ. ಅದು ಅಮೋಘವರ್ಷ ನೃಪತುಂಗನ ಕಾಲ. ಅದೇ ಅರಸನನ್ನು ಸ್ತುತಿಸಿ ಕ್ರಿ.ಶ. 850ರ ಸುಮಾರಿಗೆ ಜೈನ ಗಣಿತಜ್ಞ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಅದರ ಕೊನೆಯ ಅಧ್ಯಾಯ ಛಾಯಾವ್ಯವಹಾರ, ಎಂದರೆ ನೆರಳಿನ ಗಣಿತ.

ಆ ಬಗೆಯ ಲೆಕ್ಕವೊಂದನ್ನು ನೋಡಬಹುದು. ದೀಪದ ಎತ್ತರ 60 ಅಂಗುಲ, ಶಂಕುವಿನ ಎತ್ತರ 12 ಅಂಗುಲ, ಎರಡರ ನಡುವಿನ ದೂರ 48 ಅಂಗುಲ. ದೀಪದಿಂದ ಹೊರಟ ಕಿರಣವು ಶಂಕುವಿನ ತುದಿಯನ್ನು ಮುಟ್ಟುವಾಗ 48 ಅಂಗುಲ ಮುಂದೆ ಸಾಗಿ 48 ಅಂಗುಲ ಕೆಳಗಿಳಿದಿರುತ್ತದೆ. ಉಳಿದ 12 ಅಂಗುಲ ಇಳಿಯಲು ಅದು ಇನ್ನೂ 12 ಅಂಗುಲ ಸಾಗಬೇಕು; ನೆರಳಿನ ಉದ್ದ ಅಷ್ಟೇ. ಬೆಳಕು ನೆಲಕ್ಕೆ ತಗುಲಿ ಅಲ್ಲಿಗೇ ನಿಲ್ಲುತ್ತದೆ. ರೇಖಾಗಣಿತದ ಕಿರಣ ಮಾತ್ರ ನೆಲವನ್ನೂ ದಾಟಿ ಸಾಗುತ್ತಲೇ ಇರುತ್ತದೆ. ಈ ಅಂತರವನ್ನು ಬಿಡಿಸಿ ಹೇಳಿದಾಗಲೇ ಕಿರಣವೆಂಬ ಹೆಸರು ಸಾರ್ಥಕ.

ಅರ್ಧಮಾಗಧಿಯ ಸ್ಥಾನಾಂಗಸೂತ್ರವು ಅನಂತವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಮೊದಲೆರಡು ಏಕತೋನಂತ ಮತ್ತು ದ್ವಿಧಾನಂತ. ಇವೇ ಕಿರಣ ಮತ್ತು ಸರಳರೇಖೆ ಎಂದು ಸಾರಲು ಉತ್ಸಾಹವುಂಟಾಗುವುದು ಸಹಜ. ಆದರೆ ಏಕತೋನಂತವೆಂದರೆ ಉದ್ದದಲ್ಲಿ ಮಾತ್ರ, ದ್ವಿಧಾನಂತವೆಂದರೆ ಉದ್ದ ಅಗಲಗಳೆರಡರಲ್ಲಿಯೂ ಕೊನೆಯಿಲ್ಲದ್ದು ಎಂಬ ವ್ಯಾಖ್ಯಾನವಿದೆ. ಶಾಸ್ತ್ರದಲ್ಲಿ ಇಲ್ಲದ್ದನ್ನು ಶಾಸ್ತ್ರದ ಬಾಯಲ್ಲಿ ಹೇಳಿಸುವುದು ಗೌರವವಲ್ಲ. ಅನಂತವೆಂದೊಡನೆ ಬೆರಗಾಗಿ ನಿಲ್ಲದೆ, ಯಾವ ರೀತಿಯಲ್ಲಿ ಅನಂತ ಎಂದು ಕೇಳಿದ ವಿವೇಕವೇ ಆ ಪರಂಪರೆಯಿಂದ ಪಡೆಯತಕ್ಕ ಸಂಪತ್ತು.

ತರಗತಿಗೆ ಬೇಕಾದದ್ದೂ ಆ ಪ್ರಶ್ನೆಯೇ. ಎಲ್ಲಿಂದ ಆರಂಭ, ಯಾವ ಕಡೆಗೆ ಅನಂತ? ಇವೆರಡಕ್ಕೆ ಉತ್ತರ ಕೊಡಬಲ್ಲ ಮಗುವಿಗೆ ಕಖ ಕಿರಣವೂ ಖಕ ಕಿರಣವೂ ಒಂದೇ ಅಲ್ಲವೆಂಬುದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಹಾಳೆಯ ಅಂಚಿನಲ್ಲಿ ಗೆರೆ ಮುಗಿಯುತ್ತದೆ, ಕಿರಣ ಮುಗಿಯುವುದಿಲ್ಲ ಎಂಬುದು ಅದಕ್ಕೆ ತಾನಾಗಿಯೇ ತಿಳಿದಿರುತ್ತದೆ.