ಪದಕ್ಕೆ ಅರ್ಥ ಗೊತ್ತು, ಪ್ಯಾರಾಕ್ಕೆ?

ನಮ್ಮ ಅಕ್ಕನ ಮಗಳು ನರ್ಸಿಂಗ್ ಮುಗಿಸಿ ಐಇಎಲ್‌ಟಿಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಬ್ರಿಟನ್ನಿಗೆ ಹೋಗಬೇಕೆಂದು ಆಸೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್ಲಿಗೆ ಓದುವಿಕೆಯಲ್ಲಿ 7 ಬೇಕು, ಅವಳಿಗೆ ಎರಡು ಸಲವೂ 6 ಬಂತು. ಮೂರನೇ ಸಲದ ಫೀಸಿಗೆ ಅಕ್ಕ ಒಂದು ಜೊತೆ ಕಿವಿಯೋಲೆ ಅಡವಿಟ್ಟಿದ್ದಾಳೆ ಎಂದು ಉಮ್ಮ ಹೇಳಿದ ಮೇಲೆ, ನಾನೊಮ್ಮೆ ಅವರ ಮನೆಗೆ ಹೋಗಿ ಹುಡುಗಿಯ ಪುಸ್ತಕ ಬಿಡಿಸಿ ನೋಡಿದೆ.

ಹತ್ತು ಸಾಲಿನ ಒಂದು ಪ್ಯಾರಾ. ಹದಿನಾಲ್ಕು ಪದಗಳಿಗೆ ಪೆನ್ಸಿಲ್ ಗೆರೆ, ಗೆರೆಯ ಕೆಳಗೆ ಇರುವೆ ಸಾಲಿನಂತೆ ಕನ್ನಡ ಅರ್ಥ. "ಇದರಲ್ಲಿ ಎಂತ ಹೇಳಿದ್ದಾರೆ?" ಎಂದು ಕೇಳಿದೆ. ಅವಳು ಮೊದಲ ಸಾಲಿನಿಂದ ಅನುವಾದ ಮಾಡಲು ಶುರು ಮಾಡಿದಳು. "ಅದಲ್ಲ, ಒಟ್ಟು ಎಂತ ಹೇಳಿದ್ದು?" ಹುಡುಗಿ ಸುಮ್ಮನಾದಳು.

ಆ ಮೌನ ನನಗೆ ಚೆನ್ನಾಗಿ ಗೊತ್ತು. ಗಲ್ಫಿನಲ್ಲಿ ನಾಲ್ಕು ವರ್ಷ ಎಸಿ ಕೆಲಸ ಮಾಡಿ ಬಂದವನು, ಹೊರದೇಶದಲ್ಲಿ ಡಿಗ್ರಿ ಮಾಡುತ್ತೇನೆಂದು ಇದೇ ಪರೀಕ್ಷೆ ಬರೆದಿದ್ದೆ. 6.5 ಬೇಕಿತ್ತು, ಓದುವಿಕೆಯಲ್ಲಿ 5.5 ಬಂತು. ಫೀಸು ಉಪ್ಪನ ಅಂಗಡಿಯ ದುಡ್ಡು. ಮತ್ತೆ ಬರೆಯಲಿಲ್ಲ.

ಪರೀಕ್ಷೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಗಂಟೆಯಲ್ಲಿ ಮೂರು ಉದ್ದದ ಲೇಖನ, ನಲ್ವತ್ತು ಪ್ರಶ್ನೆ. ಅದರಲ್ಲಿ ಒಂದು ಬಗೆ, ಪ್ರತಿ ಪ್ಯಾರಾಕ್ಕೆ ತಲೆಬರಹ ಹೊಂದಿಸುವುದು. ಪ್ಯಾರಾಗಳಿಗಿಂತ ತಲೆಬರಹಗಳು ಹೆಚ್ಚಿರುತ್ತವೆ, ಅಂದರೆ ಕೆಲವು ಬರೀ ಬಲೆ. ನಮ್ಮ ಮಕ್ಕಳು ಬೀಳುವುದು ಅಲ್ಲೇ.

ನಾನು ಬಿದ್ದದ್ದು ಕೋಚಿಂಗ್ ಸೆಂಟರಿನ ಒಂದು ಅಭ್ಯಾಸ ಪತ್ರಿಕೆಯಲ್ಲಿ, ಅದೂ ಸ್ಟೀಮ್ ಎಂಜಿನ್ ಮೇಲಿನ ಪ್ಯಾರಾದಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾದವನಿಗೆ ಸ್ಟೀಮ್ ಎಂಜಿನ್ ಬಂದರೆ ಹಬ್ಬವಲ್ಲವೇ! 1712ರಲ್ಲಿ ನ್ಯೂಕಮನ್ ಗಣಿಯ ನೀರೆತ್ತಲು ಎಂಜಿನ್ ನಿಲ್ಲಿಸಿದ. ಅದರ ಸಿಲಿಂಡರನ್ನು ಪ್ರತಿ ಸಲ ಬಿಸಿ ಮಾಡಿ ತಣಿಸಬೇಕಿತ್ತು, ಹಾಗಾಗಿ ಕಲ್ಲಿದ್ದಲು ಸುರಿದಷ್ಟೂ ಸಾಲದು. ಇಂಥ ಯಂತ್ರ ಹೆಚ್ಚಾಗಿ ಕಲ್ಲಿದ್ದಲು ಗಣಿಯ ಬಾಯಲ್ಲೇ ಉಳಿಯಿತು, ಅಲ್ಲಿ ಇಂಧನ ಅಗ್ಗ. ಜೇಮ್ಸ್ ವ್ಯಾಟ್ 1769ರಲ್ಲಿ ಬೇರೆಯೇ ಕಂಡೆನ್ಸರಿಗೆ ಪೇಟೆಂಟ್ ಪಡೆದ. ಕಲ್ಲಿದ್ದಲು ಬಹಳ ಉಳಿಯಿತು. ಹಡಗಿನಲ್ಲಿ ಕಲ್ಲಿದ್ದಲು ತರಿಸಬೇಕಿದ್ದ ಕಾರ್ನ್‌ವಾಲ್‌ನ ತಾಮ್ರ, ತವರದ ಗಣಿಯವರು ಅದನ್ನು ಕೊಂಡರು.

ನಾನು ಆರಿಸಿದ ತಲೆಬರಹ 'ಎಂಜಿನ್ ಕೆಲಸ ಮಾಡುವ ವಿಧಾನ'. ಕಂಡೆನ್ಸರ್ ಕಂಡ ಕೂಡಲೇ ನನ್ನ ಬುದ್ಧಿ ಅಲ್ಲಿ ಕೂತುಬಿಟ್ಟಿತು. ಸರಿ ಉತ್ತರ 'ಇಂಧನದ ಉಳಿತಾಯ, ಹೊಸ ಜಾಗಗಳು' ಎಂಬ ಅರ್ಥದ್ದು. ಈಗ ನೋಡಿದರೆ ಗೊತ್ತಾಗುತ್ತದೆ: ಬಿಸಿ ಸಿಲಿಂಡರು, ಗಣಿಯ ಬಾಯಿ, ಹಡಗು ಎಲ್ಲವೂ ಆ ಒಂದು ಮಾತನ್ನು ಹೊರಲು ಬಂದ ಕೂಲಿಗಳು. ನಾನು ಕೂಲಿಯ ಕೈಕುಲುಕಿ ಯಜಮಾನನನ್ನು ನೋಡದೆ ಬಂದೆ. ವಿಷಯ ಗೊತ್ತಿದ್ದದ್ದೇ ತೊಂದರೆಯಾಯಿತು. ಅವನು ಹೇಳಿದ್ದನ್ನು ಬಿಟ್ಟು ನನಗೆ ಗೊತ್ತಿದ್ದದ್ದನ್ನು ಓದಿದೆ.

ಕೋಚಿಂಗಿನವರು ಒಂದು ಉಪಾಯ ಕೊಟ್ಟಿದ್ದರು: ಮೊದಲ ವಾಕ್ಯ ಓದಿ, ಅದರಲ್ಲೇ ಮುಖ್ಯ ವಿಚಾರ ಇರುತ್ತದೆ. ಅನೇಕ ಸಲ ಇರುತ್ತದೆ, ಸುಳ್ಳಲ್ಲ. ಆದರೆ ಈ ಪ್ಯಾರಾದ ಮೊದಲ ವಾಕ್ಯ ನ್ಯೂಕಮನ್ ಬಗ್ಗೆ. ಇಂಗ್ಲಿಷಿನವನು ಮೊದಲು ಎಲ್ಲರೂ ಒಪ್ಪುವ ಮಾತು ಹೇಳಿ, ನಡುವೆ 'ಹೌವೆವರ್' ಎಂದು ಬಂಡಿಯನ್ನೇ ತಿರುಗಿಸಿಬಿಡುತ್ತಾನೆ. ತಿರುವಿನ ಮೊದಲೇ ಇಳಿದವನಿಗೆ ಊರು ತಪ್ಪುತ್ತದೆ.

ಇದಕ್ಕೆಲ್ಲ 'ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ' ಎಂದು ಹೇಳಿ ಕೈತೊಳೆಯುವವರ ಮಾತು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು. ಉಪ್ಪಳ, ಮಂಜೇಶ್ವರದ ಕಡೆಯ ಮಗು ಹತ್ತು ವರ್ಷಕ್ಕೇ ನಾಲ್ಕು ಭಾಷೆ ದಾಟುತ್ತದೆ. ಐದನೆಯದು ಎಷ್ಟರ ಮಾತು? ಕೊರತೆ ಇರುವುದು ಬೇರೆ ಕಡೆ. ನಾನು ಕನ್ನಡ ಮೀಡಿಯಂನಲ್ಲಿ ಹತ್ತು ವರ್ಷ ಓದಿದೆ. ಕನ್ನಡ ಪಾಠಕ್ಕೂ 'ಸಾರಾಂಶ'ವನ್ನು ಗೈಡಿನಿಂದ ಬಾಯಿಪಾಠ ಮಾಡಿದ್ದೆ. ನನ್ನದೇ ಮಾತಿನಲ್ಲಿ ಒಂದು ಸಾರಾಂಶ ಹೇಳು ಎಂದು ಯಾರೂ ಕೇಳಲಿಲ್ಲ. ಕನ್ನಡದಲ್ಲಿ ಮಾಡದೇ ಇದ್ದದ್ದು ಇಂಗ್ಲಿಷಿನಲ್ಲಿ ಹೇಗೆ ಬಂದೀತು?

ಆರನೇ ಕ್ಲಾಸ್ ಮಾತ್ರ ಓದಿದ ನನ್ನ ಉಪ್ಪನಿಗೆ ಈ ವಿದ್ಯೆ ಗೊತ್ತಿತ್ತು. ಗಿರಾಕಿಯೊಬ್ಬರು ಬಂದು ನಿಂತು ಮಳೆ ಬಿಡದ ಕಥೆ, ಅಡಿಕೆಗೆ ಕೊಳೆರೋಗ ಬಂದ ಕಥೆ, ಮಗಳನ್ನು ಬಾಣಂತನಕ್ಕೆ ಕರೆತಂದ ಕಥೆ ಹೇಳುತ್ತಿದ್ದರು. ಉಪ್ಪ ಅಕ್ಕಿ ತೂಗುತ್ತಲೇ ಕೇಳಿ, ಗಲ್ಲೆಯ ಕೆಳಗಿಂದ ಸಾಲದ ಪುಸ್ತಕ ತೆಗೆಯುತ್ತಿದ್ದರು. ಆ ಮನುಷ್ಯ 'ಸಾಲ' ಎಂಬ ಪದವನ್ನೇ ಆಡಿರುತ್ತಿರಲಿಲ್ಲ.

ಪದ ಕಲಿಯುವುದು ಬೇಡ ಎನ್ನುತ್ತಿಲ್ಲ. ಪದ ಗೊತ್ತಿಲ್ಲದೆ 7 ಬರುವುದಿಲ್ಲ. ಆದರೆ ಎರಡು ಸಾವಿರ ಪದದ ಪಟ್ಟಿಗೆ ದುಡ್ಡು ಕೊಡುವ ಮೊದಲು ಮನೆಯವರು ಒಂದು ಕೆಲಸ ಮಾಡಬಹುದು, ಅದಕ್ಕೆ ಇಂಗ್ಲಿಷ್ ಬೇಕಾಗಿಲ್ಲ. ಮಗು ಒಂದು ಪ್ಯಾರಾ ಓದಿದ ಮೇಲೆ ಪುಸ್ತಕ ಮುಚ್ಚಿಸಿ, ಬ್ಯಾರಿಯಲ್ಲೇ ಒಂದು ವಾಕ್ಯದಲ್ಲಿ ಹೇಳು ಅನ್ನಿ. ವಾಕ್ಯದಲ್ಲಿ 'ಮತ್ತೆ, ಮತ್ತೆ' ಬಂದರೆ ಅದು ಅನುವಾದ, ಇನ್ನೊಮ್ಮೆ ಹೇಳಿಸಿ. ಬರೀ 'ಸ್ಟೀಮ್ ಎಂಜಿನ್ ಬಗ್ಗೆ' ಅಂದರೂ ಬಿಡಬೇಡಿ. ಅದು ವಿಷಯ ಮಾತ್ರ, ವಿಚಾರವಲ್ಲ. ಎಂಜಿನ್ ಬಗ್ಗೆ ಎಂತ ಹೇಳಿದ ಎಂಬುದು ಬರಬೇಕು.

ಅಕ್ಕನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಈಗ ದಿನಾ ಇಶಾ ನಮಾಝಿನ ನಂತರ ಅವಳೇ ಕೇಳುವುದು, ಮಗಳು ಹೇಳುವುದು. ಮೊದಲ ವಾರ ಇಬ್ಬರಿಗೂ ಜಗಳ. "ಉಮ್ಮಾಗೆ ಎಂತ ಗೊತ್ತು?" ಎಂದು ಹುಡುಗಿ ನನಗೆ ಫೋನ್ ಮಾಡಿ ದೂರು ಹೇಳಿದಳು. ಮೊನ್ನೆ ಏಳು ತಲೆಬರಹಗಳಲ್ಲಿ ಐದು ಸರಿಯಾಯಿತಂತೆ. ಪರೀಕ್ಷೆ ಮುಂದಿನ ತಿಂಗಳು. ಓಲೆ ಇನ್ನೂ ಬ್ಯಾಂಕಿನಲ್ಲೇ ಉಂಟು.